ಹತ್ತರಲ್ಲಿ ಆರು, ಐವತ್ತನಾಲ್ಕರಲ್ಲಿ ಒಂಬತ್ತು: ವಿಶ್ವಕಪ್ ಸೀಟು ಹಂಚಿಕೆಯ ಲೆಕ್ಕಾಚಾರ

2025ರ ನವೆಂಬರ್‌ನಲ್ಲಿ ಮಾಲ್ಡೋವಾ ವಿರುದ್ಧ ಗೆದ್ದ ಮೇಲೂ ಇಟಲಿಯ ಫುಟ್‌ಬಾಲ್ ತಂಡದ ತರಬೇತುದಾರ ಗೆನ್ನಾರೊ ಗಟ್ಟೂಸೊ ಅಸಮಾಧಾನದಲ್ಲಿದ್ದರು. ಅರ್ಹತಾ ಸುತ್ತಿನಲ್ಲಿ ಸತತ ಆರು ಪಂದ್ಯ ಗೆದ್ದಿದ್ದರೂ ಇಟಲಿಗೆ ವಿಶ್ವಕಪ್‌ನ ನೇರ ಪ್ರವೇಶ ಕೈಗೆಟುಕುವಂತಿರಲಿಲ್ಲ. ಗುಂಪಿನ ಅಗ್ರಸ್ಥಾನದಲ್ಲಿ ನಾರ್ವೆ ಭದ್ರವಾಗಿ ಕುಳಿತಿತ್ತು. ಗಟ್ಟೂಸೊ ಆಡಿದ ಮಾತಿನ ಸಾರ ಇಷ್ಟು: ಹಿಂದೆ ಆಫ್ರಿಕಾದಿಂದ ಎರಡು ತಂಡಗಳು ಬರುತ್ತಿದ್ದವು, ಈಗ ಅದರ ನಾಲ್ಕು ಪಟ್ಟು ಬರುತ್ತಿವೆ, ದಕ್ಷಿಣ ಅಮೆರಿಕದಲ್ಲಿ ಹತ್ತು ತಂಡಗಳ ಪೈಕಿ ಆರು ನೇರವಾಗಿ ಹೋಗುತ್ತವೆ, ಯುರೋಪಿನಲ್ಲಿ ಮಾತ್ರ ಇಷ್ಟು ಗೆದ್ದರೂ ಪ್ಲೇಆಫ್ ಎಂಬ ಬಾಗಿಲ ಮುಂದೆ ನಿಲ್ಲಬೇಕು.

ಈ ಮಾತಿಗೆ ಆಫ್ರಿಕಾದಿಂದ ಟೀಕೆ ಬಂದದ್ದು ಸಹಜ. ನಾಲ್ಕು ಬಾರಿಯ ಚಾಂಪಿಯನ್ ದೇಶದವರೊಬ್ಬರು 54 ರಾಷ್ಟ್ರಗಳ ಖಂಡಕ್ಕೆ ಒಂಬತ್ತು ಸೀಟು ಹೆಚ್ಚಾಯಿತು ಎಂದರೆ ಕೇಳಲು ಹಿತವಾಗಿರುವುದಿಲ್ಲ. ಹಾಗೆಂದು ಆ ಮಾತನ್ನು ದುರಹಂಕಾರವೆಂದು ತಳ್ಳಿಹಾಕುವುದೂ ಸರಿಯಲ್ಲ. 1990ರಲ್ಲಿ 24 ತಂಡಗಳ ವಿಶ್ವಕಪ್‌ನಲ್ಲಿ ಯುರೋಪಿನ 14 ತಂಡಗಳಿದ್ದವು. ಆ ಬಳಿಕ ಸೋವಿಯತ್ ಒಕ್ಕೂಟ ಒಡೆಯಿತು, ಯುಗೊಸ್ಲಾವಿಯಾ ಚೂರಾಯಿತು, ಯುರೋಪಿನ ಫುಟ್‌ಬಾಲ್ ಒಕ್ಕೂಟದ ಸದಸ್ಯ ಸಂಖ್ಯೆ 55ಕ್ಕೆ ಏರಿತು. 48 ತಂಡಗಳ 2026ರ ವಿಶ್ವಕಪ್‌ನಲ್ಲಿ ಆ ಖಂಡಕ್ಕೆ ಸಿಕ್ಕಿರುವುದು 16 ಸೀಟು. ಟೂರ್ನಿ ಇಮ್ಮಡಿಯಾದರೂ ಯುರೋಪಿಗೆ ಹೆಚ್ಚಾದದ್ದು ಎರಡೇ. ಯುರೋಪಿನ ತಂಡವೊಂದರ ಹಾದಿ ಕಿರಿದಾಗಿರುವುದು ನಿಜ. ಆದರೆ ಆ ಕಿರಿದಾದ ಹಾದಿಗೆ ಆಫ್ರಿಕಾ ಕಾರಣವೇ ಎಂಬುದು ಬೇರೆಯೇ ಪ್ರಶ್ನೆ.

ಮೊದಲು ಈಗಿನ ಹಂಚಿಕೆಯನ್ನು ನೋಡೋಣ. ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾದ 211 ಸದಸ್ಯ ಸಂಸ್ಥೆಗಳು ಆರು ಖಂಡೀಯ ಒಕ್ಕೂಟಗಳಲ್ಲಿ ಹಂಚಿಹೋಗಿವೆ. ಯುರೋಪಿನ 55 ಸಂಸ್ಥೆಗಳಿಗೆ 16 ಸೀಟು. ಆಫ್ರಿಕಾದ 54ಕ್ಕೆ 9. ಏಷ್ಯಾದ 46ಕ್ಕೆ 8. ಉತ್ತರ ಹಾಗೂ ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಪ್ರದೇಶದ 35ಕ್ಕೆ 6. ಇದರಲ್ಲಿ ಮೂರು ಆತಿಥೇಯ ದೇಶಗಳವು. ದಕ್ಷಿಣ ಅಮೆರಿಕದ 10ಕ್ಕೆ 6. ಓಷಿಯಾನಿಯಾದ 11ಕ್ಕೆ 1. ಉಳಿದ ಎರಡು ಸೀಟುಗಳಿಗೆ ಆರು ತಂಡಗಳ ಅಂತರಖಂಡ ಪ್ಲೇಆಫ್. ದಕ್ಷಿಣ ಅಮೆರಿಕದ ಒಂದು ದೇಶಕ್ಕೆ ಹತ್ತರಲ್ಲಿ ಆರು ಅವಕಾಶವಿದ್ದರೆ, ಆಫ್ರಿಕಾದ ಒಂದು ದೇಶಕ್ಕೆ ಆರರಲ್ಲಿ ಒಂದು. ಯುರೋಪ್ ಇವೆರಡರ ನಡುವೆ, ನೂರಕ್ಕೆ 29ರಷ್ಟು.

ಸದಸ್ಯ ಸಂಖ್ಯೆಯನ್ನಷ್ಟೇ ಅಳತೆಗೋಲಾಗಿ ಹಿಡಿದರೆ ಇದು ಕಣ್ಣಿಗೆ ರಾಚುವ ಅನ್ಯಾಯ. ಆದರೆ ಸದಸ್ಯ ಸಂಖ್ಯೆಯೇ ಒಂದು ವಿಚಿತ್ರ ಅಳತೆ. ಬ್ರಿಟನ್ ಎಂಬ ಒಂದೇ ದೇಶ ನಾಲ್ಕು ತಂಡಗಳಾಗಿ ಆಡುತ್ತದೆ. ಸ್ಯಾನ್ ಮರಿನೊ, ಜಿಬ್ರಾಲ್ಟರ್ ಕೂಡ ಯುರೋಪಿನ 55ರಲ್ಲಿ ಸೇರಿವೆ. ಖಂಡಗಳ ಗಡಿಯೂ ಭೂಪಟದ ಗಡಿಯಲ್ಲ. ಗಯಾನಾ, ಸುರಿನಾಮ್ ಇರುವುದು ದಕ್ಷಿಣ ಅಮೆರಿಕದ ನೆಲದಲ್ಲಿ, ಆಡುವುದು ಉತ್ತರ ಅಮೆರಿಕದ ಒಕ್ಕೂಟದಲ್ಲಿ. ಕಜಕಸ್ತಾನ 2002ರಲ್ಲಿ ಏಷ್ಯಾ ಬಿಟ್ಟು ಯುರೋಪಿಗೆ ಹೋಯಿತು. ಆಸ್ಟ್ರೇಲಿಯಾ 2006ರಲ್ಲಿ ಓಷಿಯಾನಿಯಾ ಬಿಟ್ಟು ಏಷ್ಯಾಕ್ಕೆ ಬಂದಿತು. ಜನಸಂಖ್ಯೆಯನ್ನು ಹಿಡಿದರೆ ಲೆಕ್ಕ ಇನ್ನೂ ಹದಗೆಡುತ್ತದೆ. ಸುಮಾರು 35 ಲಕ್ಷ ಜನರ ಉರುಗ್ವೆ ಎರಡು ಬಾರಿ ವಿಶ್ವಕಪ್ ಗೆದ್ದಿದೆ. ನೂರು ಕೋಟಿ ಮೀರಿದ ಚೀನಾ ವಿಶ್ವಕಪ್ ಆಡಿದ್ದು 2002ರಲ್ಲಿ ಒಮ್ಮೆ ಮಾತ್ರ.

ಹಾಗಾದರೆ ಆಟದ ಬಲವನ್ನೇ ಅಳತೆಯಾಗಿಸಬಹುದಲ್ಲ? 2022ರವರೆಗಿನ 22 ವಿಶ್ವಕಪ್‌ಗಳಲ್ಲಿ 12 ಯುರೋಪಿಗೆ, 10 ದಕ್ಷಿಣ ಅಮೆರಿಕಕ್ಕೆ ಹೋಗಿವೆ. ಈ ಎರಡು ಖಂಡಗಳ ಆಚೆಯಿಂದ ಸೆಮಿಫೈನಲ್ ತಲುಪಿದವು ಮೂರೇ ತಂಡಗಳು: 1930ರಲ್ಲಿ ಅಮೆರಿಕ, 2002ರಲ್ಲಿ ದಕ್ಷಿಣ ಕೊರಿಯಾ, 2022ರಲ್ಲಿ ಮೊರಾಕೊ. ಯುರೋಪಿನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಈ ದಾಖಲೆ ಹುಟ್ಟಿದ ಬಗೆಯನ್ನು ನೋಡದೆ ಅದನ್ನು ಸಾಕ್ಷಿಯಾಗಿ ನಿಲ್ಲಿಸಲು ಬರುವುದಿಲ್ಲ.

1958ರ ಸ್ವೀಡನ್ ವಿಶ್ವಕಪ್‌ಗೆ ಏಷ್ಯಾ, ಆಫ್ರಿಕಾ ಎರಡಕ್ಕೂ ಸೇರಿ ಇದ್ದದ್ದು ಒಂದೇ ಸೀಟು. ಆ ವಲಯದಲ್ಲಿ ಇಸ್ರೇಲ್ ವಿರುದ್ಧ ಆಡಬೇಕಿದ್ದ ಟರ್ಕಿ, ಇಂಡೊನೇಷ್ಯಾ, ಸುಡಾನ್ ಒಂದಲ್ಲ ಒಂದು ಕಾರಣಕ್ಕೆ ಹಿಂದೆ ಸರಿದವು. ಒಂದೂ ಪಂದ್ಯ ಆಡದೆ ಇಸ್ರೇಲ್ ವಿಶ್ವಕಪ್‌ಗೆ ಹೋಗುವುದನ್ನು ಫಿಫಾ ಒಪ್ಪಲಿಲ್ಲ. ಗುಂಪುಗಳಲ್ಲಿ ಎರಡನೇ ಸ್ಥಾನಕ್ಕೆ ನಿಂತು ಹೊರಬಿದ್ದಿದ್ದ ತಂಡಗಳ ಹೆಸರುಗಳಲ್ಲಿ ಚೀಟಿ ಎತ್ತಲಾಯಿತು. ಮೊದಲು ಬೆಲ್ಜಿಯಂ ಹೆಸರು ಬಂತು; ಅದು ಒಲ್ಲೆ ಎಂದಿತು. ನಂತರ ಬಂದದ್ದು ವೇಲ್ಸ್. ಅದು ಇಸ್ರೇಲನ್ನು ಎರಡೂ ಪಂದ್ಯಗಳಲ್ಲಿ 2–0ಯಿಂದ ಸೋಲಿಸಿ, ಏಷ್ಯಾ–ಆಫ್ರಿಕಾದ ಪಾಲಿನ ಸೀಟಿನಲ್ಲಿ ವಿಶ್ವಕಪ್‌ಗೆ ಹೋಯಿತು. ಅಲ್ಲಿ ಎಂಟರ ಘಟ್ಟ ತಲುಪಿ, 17ರ ಹರೆಯದ ಪೆಲೆ ಹೊಡೆದ ಏಕೈಕ ಗೋಲಿಗೆ ಬ್ರೆಜಿಲ್ ವಿರುದ್ಧ ಸೋತಿತು. ವೇಲ್ಸ್ ಈ ಸಾಧನೆಯನ್ನು ಹೆಮ್ಮೆಯಿಂದ ನೆನೆಯುತ್ತದೆ, ನೆನೆಯಬೇಕಾದದ್ದೇ. ಆದರೆ ಆ ವರ್ಷ ಏಷ್ಯಾದಿಂದ, ಆಫ್ರಿಕಾದಿಂದ ಒಂದೇ ಒಂದು ತಂಡವೂ ಕಣದಲ್ಲಿರಲಿಲ್ಲ.

1962ರಲ್ಲಿ ಅದೂ ನಿಯಮಬದ್ಧವಾಗಿಯೇ ನಡೆಯಿತು. ಆಫ್ರಿಕಾದ ವಿಜೇತ ಮೊರಾಕೊ ಸ್ಪೇನ್ ವಿರುದ್ಧ, ಏಷ್ಯಾದ ವಿಜೇತ ದಕ್ಷಿಣ ಕೊರಿಯಾ ಯುಗೊಸ್ಲಾವಿಯಾ ವಿರುದ್ಧ ಪ್ಲೇಆಫ್ ಆಡಿ ಗೆದ್ದರೆ ಮಾತ್ರ ಚಿಲಿಗೆ ಪ್ರಯಾಣ. ಎರಡೂ ಸೋತವು. 16 ತಂಡಗಳಲ್ಲಿ ಹತ್ತು ಯುರೋಪಿನವು, ಐದು ದಕ್ಷಿಣ ಅಮೆರಿಕದವು, ಒಂದು ಮೆಕ್ಸಿಕೊ. ‘ವಿಶ್ವ’ಕಪ್ ಎಂಬ ಹೆಸರಿಗೆ ಆಧಾರವಾಗಿ ಉಳಿದದ್ದು ಇಷ್ಟೇ ಭೂಭಾಗ.

1966ಕ್ಕೆ ಫಿಫಾ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಯಿತು. ಆಫ್ರಿಕಾದ ವಿಜೇತ ತಂಡ ಏಷ್ಯಾದ ವಿಜೇತರನ್ನು ಸೋಲಿಸಿ ಒಂದೇ ಸೀಟು ಪಡೆಯಬೇಕೆಂದು ಹೇಳಿತು. ಫುಟ್‌ಬಾಲ್ ಆಡಳಿತಗಾರರಾದ ಘಾನಾದ ಓಹೆನೆ ಜಾನ್, ಇಥಿಯೋಪಿಯಾದ ಟೆಸ್ಸೆಮಾ ಯಿಡ್ನೆಕಾಚೆವ್ ಇದನ್ನು ಒಪ್ಪಲಿಲ್ಲ. ಘಾನಾದ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಅವರ ಬೆನ್ನಿಗಿದ್ದರು. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾವನ್ನು ಫಿಫಾ ಓಲೈಸುತ್ತಿದ್ದುದೂ ಅವರ ಕೋಪಕ್ಕೆ ಕಾರಣವಾಗಿತ್ತು. ಆಫ್ರಿಕಾದ ತಂಡಗಳು ಒಟ್ಟಾಗಿ ಅರ್ಹತಾ ಸುತ್ತಿನಿಂದ ಹೊರನಡೆದವು. ಫಿಫಾ ದಂಡ ಹಾಕಿತು. ಖಾಲಿಯಾದ ವಲಯದಲ್ಲಿ ಉಳಿದ ಉತ್ತರ ಕೊರಿಯಾ ಮತ್ತು ಆಸ್ಟ್ರೇಲಿಯಾ 1965ರ ನವೆಂಬರ್‌ನಲ್ಲಿ ಕಾಂಬೋಡಿಯಾದ ನೋಮ್‌ಪೆನ್‌ನಲ್ಲಿ ಎರಡು ಪಂದ್ಯ ಆಡಿದವು. ಗೆದ್ದ ಉತ್ತರ ಕೊರಿಯಾ ಇಂಗ್ಲೆಂಡಿಗೆ ಹೋಗಿ, ಮಿಡಲ್ಸ್‌ಬರೊದಲ್ಲಿ ಇಟಲಿಯನ್ನು 1–0ಯಿಂದ ಮನೆಗೆ ಕಳುಹಿಸಿತು. ಗೋಲು ಪಾಕ್ ಡೂ ಇಕ್ ಅವರದು. ಎಂಟರ ಘಟ್ಟದಲ್ಲಿ ಪೋರ್ಚುಗಲ್ ವಿರುದ್ಧ 3–0 ಮುನ್ನಡೆಯನ್ನೂ ಪಡೆದಿತ್ತು. ಅದನ್ನು ಒಬ್ಬರೇ ನಾಲ್ಕು ಗೋಲು ಹೊಡೆದು ಅಳಿಸಿದವರು ಯೂಸೇಬಿಯೊ; ಹುಟ್ಟಿದ್ದು ಮೊಜಾಂಬಿಕ್‌ನಲ್ಲಿ. ಆಫ್ರಿಕಾ ಬಹಿಷ್ಕರಿಸಿದ ವಿಶ್ವಕಪ್‌ನಲ್ಲಿ ಅತಿಹೆಚ್ಚು ಗೋಲು ಗಳಿಸಿದವರು ಆಫ್ರಿಕಾದಲ್ಲಿ ಹುಟ್ಟಿದ ಆಟಗಾರ. ಒಂಬತ್ತೂ ಗೋಲುಗಳು ಸೇರಿದ್ದು ಯುರೋಪಿನ ಖಾತೆಗೆ.

ಬಹಿಷ್ಕಾರ ಫಲ ಕೊಟ್ಟಿತು. 1970ರಿಂದ ಆಫ್ರಿಕಾಕ್ಕೆ ತನ್ನದೇ ಆದ ಒಂದು ಸೀಟು ದಕ್ಕಿತು. ಅದಕ್ಕಿಂತ ದೊಡ್ಡ ತಿರುವು ಬಂದದ್ದು ಮತಪೆಟ್ಟಿಗೆಯಲ್ಲಿ. ಫಿಫಾ ಮಹಾಸಭೆಯಲ್ಲಿ ಒಂದು ಸಂಸ್ಥೆಗೆ ಒಂದು ಮತ. ಬ್ರೆಜಿಲ್‌ನದೂ ಒಂದೇ, ಭೂತಾನ್‌ನದೂ ಒಂದೇ. 1974ರಲ್ಲಿ ಬ್ರೆಜಿಲ್‌ನ ಜೊವಾವೊ ಹ್ಯಾವಲಾಂಜ್ ಈ ಗಣಿತವನ್ನು ಚೆನ್ನಾಗಿ ಅರಿತುಕೊಂಡು, ಟೂರ್ನಿಯನ್ನು ಹಿಗ್ಗಿಸುವ ಭರವಸೆಯೊಂದಿಗೆ ಇಂಗ್ಲೆಂಡ್‌ನ ಸ್ಟ್ಯಾನ್ಲಿ ರೌಸ್ ಅವರನ್ನು ಫಿಫಾ ಅಧ್ಯಕ್ಷ ಚುನಾವಣೆಯಲ್ಲಿ ಸೋಲಿಸಿದರು. 1982ರಲ್ಲಿ ತಂಡಗಳು 24 ಆದವು, 1998ರಲ್ಲಿ 32 ಆದವು. 2016ರಲ್ಲಿ ಜಿಯಾನಿ ಇನ್‌ಫಾಂಟಿನೊ 40 ತಂಡಗಳ ಭರವಸೆ ಕೊಟ್ಟು ಅಧ್ಯಕ್ಷರಾದರು; 2017ರ ಜನವರಿಯಲ್ಲಿ ಅದು 48 ಎಂದು ನಿರ್ಧಾರವಾಯಿತು. ಪ್ರತಿಯೊಂದು ವಿಸ್ತರಣೆಯ ಹಿಂದೆಯೂ ಚುನಾವಣೆ ಇದೆ.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮತದ ಬಲ ಇಲ್ಲದಿದ್ದರೆ ಆಫ್ರಿಕಾ, ಏಷ್ಯಾ ಇಂದಿಗೂ ಒಂದು ಸೀಟಿಗೆ ಬಡಿದಾಡುತ್ತಿದ್ದವು. ಕಸಿವಿಸಿ ಹುಟ್ಟಿಸುವುದು ಸಂಖ್ಯೆಗಳು ನಿರ್ಧಾರವಾಗುವ ರೀತಿ. ಯುರೋಪಿಗೆ ಯಾಕೆ 16? ಅದರ ಉತ್ತರ ದಾಖಲೆಯಲ್ಲಿಯೇ ಇದೆ. 2017ರಲ್ಲಿ 48 ತಂಡಗಳನ್ನು ಮೂರು ತಂಡಗಳ 16 ಗುಂಪುಗಳಾಗಿ ಮಾಡುವ ಯೋಜನೆ ಇತ್ತು. ಪ್ರತಿ ಗುಂಪಿಗೂ ಯುರೋಪಿನ ಒಂದೊಂದು ತಂಡ ಇರಲಿ, ಆಗ ನಮ್ಮವರು ಆರಂಭದಲ್ಲೇ ಪರಸ್ಪರ ಎದುರಾಗುವುದಿಲ್ಲ ಎಂದು ಯುರೋಪಿನ ಒಕ್ಕೂಟ ಕೇಳಿತು, ಪಡೆದುಕೊಂಡಿತು. 2023ರ ಮಾರ್ಚ್‌ನಲ್ಲಿ ಫಿಫಾ ಆ ಮಾದರಿಯನ್ನೇ ಕೈಬಿಟ್ಟು ನಾಲ್ಕು ತಂಡಗಳ 12 ಗುಂಪುಗಳನ್ನು ಮಾಡಿತು. ಕಾರಣ ಹೋಯಿತು, 16 ಉಳಿಯಿತು. ಬೇರೆ ಖಂಡಗಳ ಸಂಖ್ಯೆಗಳಿಗಂತೂ ಇಷ್ಟು ಕಾರಣವನ್ನೂ ಯಾರೂ ಕೊಡಲಿಲ್ಲ. ಆಫ್ರಿಕಾಕ್ಕೆ ಒಂಬತ್ತೇ ಏಕೆ, ಹತ್ತು ಏಕಲ್ಲ, ಎಂಟು ಏಕಲ್ಲ ಎಂದು ಕೇಳಿದರೆ ತೋರಿಸಲು ಸೂತ್ರವೊಂದಿಲ್ಲ. ಇದು ಅಳೆದು ತೂಗಿ ಬಂದ ಲೆಕ್ಕವಲ್ಲ, ಕುಳಿತು ಮಾಡಿಕೊಂಡ ಹೊಂದಾಣಿಕೆ.

ಅಳೆಯಲು ಹೊರಟರೆ ಎದುರಾಗುವ ತೊಡಕನ್ನೂ ಪ್ರಾಮಾಣಿಕವಾಗಿ ನೋಡಬೇಕು. 2014ರ ವಿಶ್ವಕಪ್‌ನಲ್ಲಿ ಏಷ್ಯಾದ ನಾಲ್ಕು ತಂಡಗಳು 12 ಪಂದ್ಯ ಆಡಿ ಒಂದನ್ನೂ ಗೆಲ್ಲಲಿಲ್ಲ. ಏಷ್ಯಾದ ಸೀಟು ಕಡಿಮೆ ಮಾಡಿ ಎಂಬ ಕೂಗು ಎದ್ದಿತು. ಅದೇ ವರ್ಷ ಆಫ್ರಿಕಾದಿಂದ ನೈಜೀರಿಯಾ, ಅಲ್ಜೀರಿಯಾ 16ರ ಘಟ್ಟ ತಲುಪಿದವು. 2018ರಲ್ಲಿ ಆಫ್ರಿಕಾದ ಐದೂ ತಂಡಗಳು ಗುಂಪು ಹಂತದಲ್ಲೇ ಉದುರಿದವು. ಸೆನೆಗಲ್ ಅಂತೂ ಜಪಾನ್‌ಗಿಂತ ಹೆಚ್ಚು ಹಳದಿ ಕಾರ್ಡ್ ಪಡೆದಿತ್ತು ಎಂಬ ಒಂದೇ ಕಾರಣಕ್ಕೆ ಹೊರಬಿದ್ದಿತು. ಅಂಕ, ಗೋಲು ಎಲ್ಲವೂ ಸಮ. 2022ಕ್ಕೆ ಬಂದರೆ ಚಿತ್ರ ಮತ್ತೆ ತಲೆಕೆಳಗು. ಜಪಾನ್ ಜರ್ಮನಿಯನ್ನೂ ಸ್ಪೇನನ್ನೂ ಸೋಲಿಸಿತು. ಮುಂದೆ ಚಾಂಪಿಯನ್ ಆಗಲಿದ್ದ ಅರ್ಜೆಂಟೀನಾ ಸೌದಿ ಅರೇಬಿಯಾಕ್ಕೆ ಸೋತಿತು. ಕ್ಯಾಮರೂನ್ ಬ್ರೆಜಿಲ್‌ ವಿರುದ್ಧ, ಟ್ಯುನೀಷಿಯಾ ಫ್ರಾನ್ಸ್‌ ವಿರುದ್ಧ ಗೆದ್ದವು. ಮೊರಾಕೊ ಬೆಲ್ಜಿಯಂ, ಸ್ಪೇನ್, ಪೋರ್ಚುಗಲ್‌ಗಳನ್ನು ದಾಟಿತು. 16ರ ಘಟ್ಟದಲ್ಲಿ ಏಷ್ಯಾದ ಮೂರು, ಆಫ್ರಿಕಾದ ಎರಡು ತಂಡಗಳಿದ್ದವು. ದಕ್ಷಿಣ ಅಮೆರಿಕದವು ಎರಡೇ.

ಐದು ತಂಡ, ತಲಾ ಮೂರು ಪಂದ್ಯ, ಅಂದರೆ 15 ಪಂದ್ಯ. ನಾಲ್ಕು ವರ್ಷಕ್ಕೊಮ್ಮೆ ಸಿಗುವ ಇಷ್ಟು ಸಣ್ಣ ಸಾಕ್ಷ್ಯದಿಂದ ಒಂದು ಖಂಡದ ಯೋಗ್ಯತೆ ನಿರ್ಣಯಿಸುವುದು ಸಾಧ್ಯವೇ ಇಲ್ಲ. ರ‍್ಯಾಂಕಿಂಗ್ ನೋಡೋಣ ಎಂದರೆ ಅಲ್ಲಿಯೂ ಇದೇ ಗೋಳು. 2018ರವರೆಗೆ ಫಿಫಾ ರ‍್ಯಾಂಕಿಂಗ್‌ನ ಸೂತ್ರದಲ್ಲಿ ಖಂಡದ ಬಲವೆಂಬ ಗುಣಕವೇ ಇತ್ತು. ಏಷ್ಯಾ, ಆಫ್ರಿಕಾದ ತಂಡಗಳು ತಮ್ಮೊಳಗೆ ಆಡಿ ಗೆದ್ದರೆ ಅಂಕ 0.85ರಷ್ಟಕ್ಕೆ ಇಳಿಯುತ್ತಿತ್ತು; ಆ ಗುಣಕ ನಿರ್ಧಾರವಾಗುತ್ತಿದ್ದುದು ಹಿಂದಿನ ವಿಶ್ವಕಪ್‌ಗಳ ಫಲಿತಾಂಶದಿಂದ. ಹಳೆಯ ಸೀಟು ಹಂಚಿಕೆಯ ನೆರಳು ಹೊಸ ಅಂಕಪಟ್ಟಿಯ ಮೇಲೂ ಬೀಳುತ್ತಿತ್ತು. ಈಗಿನ ಸೂತ್ರ ಅದಕ್ಕಿಂತ ಉತ್ತಮ. ಆದರೆ ಖಂಡಗಳ ನಡುವೆ ಪಂದ್ಯಗಳೇ ಕಡಿಮೆಯಾದರೆ ಯಾವ ಸೂತ್ರವೂ ಹೋಲಿಸಲಾರದು. 2018ರಲ್ಲಿ ಯುರೋಪ್ ತನ್ನದೇ ನೇಷನ್ಸ್ ಲೀಗ್ ಶುರುಮಾಡಿದ ಮೇಲೆ ಅಲ್ಲಿನ ದೊಡ್ಡ ತಂಡಗಳಿಗೆ ಬೇರೆ ಖಂಡದವರೊಡನೆ ಸೌಹಾರ್ದ ಪಂದ್ಯ ಆಡಲು ದಿನಗಳೇ ಉಳಿಯುವುದಿಲ್ಲ. ಸುತ್ತುಗೋಡೆಯೊಳಗೆ ಆಡಿದ ಪಂದ್ಯಗಳ ಅಂಕಗಳು ಗೋಡೆಯೊಳಗೇ ಸುತ್ತುತ್ತವೆ.

ಇಲ್ಲಿಯೇ ಚರ್ಚೆ ದಾರಿ ತಪ್ಪುವುದೆಂದು ನನಗೆ ಅನ್ನಿಸುತ್ತದೆ. ಯಾವ ಖಂಡ ಬಲಿಷ್ಠ ಎಂಬ ಪ್ರಶ್ನೆ ಸೀಟು ಹಂಚಿಕೆಗೆ ಬೇಕಾಗಿಯೇ ಇಲ್ಲ. ಫ್ರಾನ್ಸ್ ಸೆನೆಗಲ್‌ಗಿಂತ ಬಲಿಷ್ಠವೇ ಎಂಬುದು ಇಲ್ಲಿ ಅಪ್ರಸ್ತುತ, ಇಬ್ಬರೂ ಹೇಗೂ ಬರುತ್ತಾರೆ. ಕೇಳಬೇಕಾದದ್ದು ಅಂಚಿನ ತಂಡಗಳ ಬಗ್ಗೆ: ಒಳಬಂದ ಕೊನೆಯ ತಂಡ ಯಾವುದು, ಹೊರಗುಳಿದ ಮೊದಲ ತಂಡ ಯಾವುದು? ಯುರೋಪಿನ 16ನೇ ತಂಡ ಆಫ್ರಿಕಾದ 10ನೇ ತಂಡಕ್ಕಿಂತ ಉತ್ತಮವೇ? ಏಷ್ಯಾದ 8ನೇ ತಂಡ ಯುರೋಪಿನ 17ನೆಯದಕ್ಕೆ ಸಮವೇ? ಹಂಚಿಕೆ ನ್ಯಾಯವಾಗಿದೆ ಎಂದರೆ ಈ ಅಂಚಿನ ತಂಡಗಳು ಹೆಚ್ಚುಕಡಿಮೆ ಸರಿಸಮವಾಗಿವೆ ಎಂದರ್ಥ.

2022ರ ಹಾದಿಯನ್ನು ನೆನೆಯಿರಿ. ಆಫ್ರಿಕಾದಲ್ಲಿ ಕೊನೆಗೆ ಉಳಿದ ಹತ್ತು ತಂಡಗಳು ಜೋಡಿಯಾಗಿ ತವರು–ಹೊರನೆಲ ಎರಡು ಪಂದ್ಯ ಆಡಿ, ಐದು ಉಳಿಯಬೇಕಿತ್ತು. ಚೀಟಿಯಲ್ಲಿ ಸೆನೆಗಲ್‌ಗೆ ಸಿಕ್ಕಿದ್ದು ಈಜಿಪ್ಟ್. ಕೆಲವೇ ವಾರಗಳ ಹಿಂದೆ ಆಫ್ರಿಕಾ ಕಪ್‌ನ ಫೈನಲ್‌ನಲ್ಲಿ ಎದುರಾಗಿದ್ದ ಅದೇ ಎರಡು ತಂಡಗಳು. ಖಂಡದ ಚಾಂಪಿಯನ್ ಅಥವಾ ರನ್ನರ್‌ ಅಪ್, ಇಬ್ಬರಲ್ಲಿ ಒಬ್ಬರು ವಿಶ್ವಕಪ್‌ನಿಂದ ಹೊರಗೆ. ಮಾರ್ಚ್ 29ರಂದು ಡಕಾರ್ ಬಳಿಯ ಹೊಸ ಕ್ರೀಡಾಂಗಣದಲ್ಲಿ ಅದು ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಮೊಹಮ್ಮದ್ ಸಲಾ ಚೆಂಡಿನ ಮುಂದೆ ನಿಂತಾಗ ಪ್ರೇಕ್ಷಕರ ಕಡೆಯಿಂದ ಹಸಿರು ಲೇಸರ್ ಬೆಳಕು ಅವರ ಮುಖದ ತುಂಬ ಕುಣಿಯುತ್ತಿತ್ತು. ಚೆಂಡು ಅಡ್ಡಕಂಬದ ಮೇಲಿಂದ ಹಾರಿತು. ಸಾಡಿಯೊ ಮಾನೆ ಕೊನೆಯ ಹೊಡೆತವನ್ನು ಗೋಲಾಗಿಸಿದರು. ಅದೇ ರಾತ್ರಿ ನೈಜೀರಿಯಾ ಘಾನಾದೆದುರು, ಅಲ್ಜೀರಿಯಾ ಕ್ಯಾಮರೂನ್ ಎದುರು ಕಳೆದುಕೊಂಡವು. ಈಜಿಪ್ಟ್, ನೈಜೀರಿಯಾ, ಅಲ್ಜೀರಿಯಾ ಮೂರೂ ಟಿವಿಯ ಮುಂದೆ ಕುಳಿತ ವಿಶ್ವಕಪ್ ಅದು. ಐದು ಸೀಟು ಸಾಲದಿತ್ತು ಎನ್ನಲು ನನಗೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಹಾಗೆಂದು ಒಂಬತ್ತಾದ ಮೇಲೆ ಎಲ್ಲವೂ ಸರಿಹೋಯಿತೆ? 2026ರ ಅರ್ಹತಾ ಸುತ್ತಿನಲ್ಲಿ ಆಫ್ರಿಕಾದ ಒಂಬತ್ತು ಗುಂಪುಗಳ ಅಗ್ರಸ್ಥಾನಿಗಳು ನೇರವಾಗಿ ಬಂದವು. ಸುಮಾರು ಐದು ಲಕ್ಷ ಜನರ ಕೇಪ್ ವರ್ಡೆ ತನ್ನ ಗುಂಪಿನಲ್ಲಿ ಕ್ಯಾಮರೂನ್ ಅನ್ನು ಹಿಂದಿಕ್ಕಿ ಮೊದಲ ಬಾರಿ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ನೈಜೀರಿಯಾ ಮತ್ತೆ ಹೊರಗೆ; ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಎದುರು ರಬಾತ್‌ನಲ್ಲಿ ಶೂಟೌಟ್‌ನಲ್ಲಿ ಸೋತಿತು. ಗೆದ್ದ ಕಾಂಗೊಗೆ ಕೂಡ ಆಗ ನೇರವಾಗಿ ಸೀಟು ಸಿಗಲಿಲ್ಲ, ಸಿಕ್ಕಿದ್ದು ಅಂತರಖಂಡ ಪ್ಲೇಆಫ್‌ನ ಟಿಕೆಟ್ ಮಾತ್ರ. ಸೀಟು ಹೆಚ್ಚಾಗಿದ್ದಕ್ಕೆ ಆಟದ ಮಟ್ಟ ಇಳಿಯಿತು ಎನ್ನುವವರು, ಕ್ಯಾಮರೂನ್ ಮತ್ತು ನೈಜೀರಿಯಾದಂಥ ತಂಡಗಳು ಒಂಬತ್ತರೊಳಗೂ ಬರಲಾಗದ ಖಂಡದ ಬಗ್ಗೆ ಮಾತನಾಡುತ್ತಿದ್ದಾರೆ ಎಂಬುದನ್ನು ಗಮನಿಸಬೇಕು.

ಇನ್ನೊಂದು ಅಂಚನ್ನೂ ನೋಡೋಣ. ಅಮೆರಿಕ, ಕೆನಡಾ, ಮೆಕ್ಸಿಕೊ ಆತಿಥೇಯರಾಗಿ ನೇರ ಪ್ರವೇಶ ಪಡೆದ ಕಾರಣ ಆ ವಲಯದ ಉಳಿದ ಮೂರು ಸೀಟುಗಳಿಗೆ ದೊಡ್ಡ ತಂಡಗಳ ಪೈಪೋಟಿಯೇ ಇರಲಿಲ್ಲ. ಪನಾಮ, ಹೈಟಿ, ಕುರಸಾವೊ ಬಂದವು. ಕುರಸಾವೊದ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ವಿಶ್ವಕಪ್‌ಗೆ ಬಂದ ದೇಶಗಳಲ್ಲೇ ಅತಿ ಚಿಕ್ಕದು. ಕಿಂಗ್‌ಸ್ಟನ್‌ನಲ್ಲಿ ಜಮೈಕಾ ವಿರುದ್ಧ 0–0 ಸಾಕಾಗಿತ್ತು, ಅಷ್ಟನ್ನು ಅದು ಹಲ್ಲುಕಚ್ಚಿ ಉಳಿಸಿಕೊಂಡಿತು. ಇದು ಮನ ತುಂಬುವ ಸಾಧನೆ, ಸಂಶಯವಿಲ್ಲ. ಆದರೆ ಆ ಸೀಟಿನ ಬೆಲೆ ಅದೇ ಸಮಯದಲ್ಲಿ ಯುರೋಪಿನಲ್ಲೋ ಆಫ್ರಿಕಾದಲ್ಲೋ ಒಂದು ಸೀಟಿಗೆ ತೆರಬೇಕಿದ್ದ ಬೆಲೆಗಿಂತ ಕಡಿಮೆಯಿತ್ತು. ಅದನ್ನು ಹೇಳಿದರೆ ಕುರಸಾವೊವನ್ನು ಅವಮಾನಿಸಿದಂತಲ್ಲ. ನಿಯಮ ರೂಪಿಸಿದವರನ್ನು ಪ್ರಶ್ನಿಸಿದಂತೆ.

ಓಷಿಯಾನಿಯಾದ ಕಥೆ ಇನ್ನೂ ನಾಜೂಕಿನದು. 2006ರ ವಿಶ್ವಕಪ್‌ಗೆ ಆ ವಲಯಕ್ಕೆ ಪೂರ್ತಿ ಒಂದು ಸೀಟು ಕೊಡುತ್ತೇವೆಂದು 2002ರ ಕೊನೆಯಲ್ಲಿ ಹೇಳಿದ ಫಿಫಾ, ಮರುವರ್ಷ ಮಾತು ಹಿಂಪಡೆಯಿತು. ಬೇಸತ್ತ ಆಸ್ಟ್ರೇಲಿಯಾ ಏಷ್ಯಾಕ್ಕೆ ಹೊರಟಿತು. ನ್ಯೂಜಿಲೆಂಡ್ 2010ರಲ್ಲಿ ಬಹರೇನ್ ದಾಟಿ ವಿಶ್ವಕಪ್‌ಗೆ ಬಂದು ಇಟಲಿ ಸೇರಿದಂತೆ ಮೂರೂ ಎದುರಾಳಿಗಳೊಡನೆ ಡ್ರಾ ಮಾಡಿಕೊಂಡಿತು. ಚಾಂಪಿಯನ್ ಸ್ಪೇನ್ ಕೂಡ ಒಂದು ಪಂದ್ಯ ಸೋತಿದ್ದ ಆ ಟೂರ್ನಿಯಲ್ಲಿ ಸೋಲದೆ ಹೋದ ಏಕೈಕ ತಂಡ ಅದು. ನಂತರದ ಮೂರು ಬಾರಿ ಮೆಕ್ಸಿಕೊ, ಪೆರು, ಕೋಸ್ಟರಿಕಾಗಳ ಎದುರು ಪ್ಲೇಆಫ್‌ನಲ್ಲಿ ಸೋತು ಮನೆಯಲ್ಲೇ ಉಳಿಯಿತು. ಈಗ ಸಿಕ್ಕಿರುವ ಒಂದು ಖಾಯಂ ಸೀಟು, 2025ರ ಮಾರ್ಚ್‌ನಲ್ಲಿ ನ್ಯೂ ಕ್ಯಾಲಿಡೋನಿಯಾವನ್ನು 3–0ಯಿಂದ ಸೋಲಿಸಿದ ನ್ಯೂಜಿಲೆಂಡ್ ಪಾಲಾಗಿದೆ. ಆಟದ ಮಟ್ಟವನ್ನಷ್ಟೇ ನೋಡಿದರೆ ಈ ಸೀಟನ್ನು ಸಮರ್ಥಿಸುವುದು ಕಷ್ಟ. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಓಷಿಯಾನಿಯಾದ ಆಕ್ಲೆಂಡ್ ಸಿಟಿ ಜರ್ಮನಿಯ ಬಯರ್ನ್ ಮ್ಯೂನಿಕ್‌ಗೆ 10–0ಯಿಂದ ಸೋತಿತು. ಆದರೆ ಅದೇ ತಂಡ, ಬೇರೆ ಕೆಲಸ ಮಾಡುತ್ತ ಆಡುವ ಹವ್ಯಾಸಿಗಳ ತಂಡ, ಒಂಬತ್ತು ದಿನಗಳ ಬಳಿಕ ಅರ್ಜೆಂಟೀನಾದ ಬೋಕಾ ಜೂನಿಯರ್ಸ್ ಜೊತೆ 1–1 ಡ್ರಾ ಮಾಡಿತು. ಗೋಲು ಹೊಡೆದ ಕ್ರಿಶ್ಚಿಯನ್ ಗ್ರೇ ಶಿಕ್ಷಕ ತರಬೇತಿಯಲ್ಲಿದ್ದವರು. ಒಂದು ಸೀಟು ಎಂದರೆ ಅಲ್ಲಿ ಮುಂದಿನ ನಾಲ್ಕು ವರ್ಷ ಚೆಂಡು ಉರುಳುತ್ತಿರುವಂತೆ ನೋಡಿಕೊಳ್ಳುವ ಹಣ. 2022ರಲ್ಲಿ ಗುಂಪು ಹಂತದಲ್ಲೇ ಸೋತ ತಂಡಕ್ಕೂ 90 ಲಕ್ಷ ಡಾಲರ್ ಸಿಕ್ಕಿತ್ತು. ದೊಡ್ಡ ಸಂಸ್ಥೆಗೆ ಅದು ಲೆಕ್ಕಕ್ಕೆ ಬಾರದ ಮೊತ್ತ, ಚಿಕ್ಕ ಸಂಸ್ಥೆಗೆ ಯುವ ತಂಡಗಳು, ತರಬೇತುದಾರರು, ಮೈದಾನ ಎಲ್ಲವೂ.

ಆದ್ದರಿಂದ ಪ್ರತಿ ಖಂಡಕ್ಕೂ ಕೆಲವು ಸೀಟುಗಳು ಪ್ರಶ್ನಾತೀತವಾಗಿ ಇರಲೇಬೇಕು, 1962 ಮರುಕಳಿಸಬಾರದು. ಆದರೆ ಅಂಚಿನ ಸೀಟುಗಳನ್ನು ಕೋಣೆಯೊಳಗೆ ಕುಳಿತು ಹಂಚುವುದನ್ನು ಬಿಟ್ಟು ಮೈದಾನದಲ್ಲಿ ಹಂಚಬೇಕು. ಅದಕ್ಕೆ ಅಂತರಖಂಡ ಪ್ಲೇಆಫ್ ಎಂಬ ಸಾಧನ ಈಗಾಗಲೇ ಇದೆ. ಈ ಬಾರಿ ಅದರಲ್ಲಿ ಬೊಲಿವಿಯಾ, ಕಾಂಗೊ, ಇರಾಕ್, ಜಮೈಕಾ, ಸುರಿನಾಮ್, ನ್ಯೂ ಕ್ಯಾಲಿಡೋನಿಯಾ ಇದ್ದವು. ಪಟ್ಟಿಯಲ್ಲಿ ಒಂದು ಖಂಡ ಇಲ್ಲದಿರುವುದು ಗಮನಕ್ಕೆ ಬಂದಿರಬಹುದು. ಯುರೋಪ್ ತನ್ನ 16 ಸೀಟುಗಳನ್ನೂ ತನ್ನೊಳಗೇ ತೀರ್ಮಾನಿಸುತ್ತದೆ. 12 ಗುಂಪು ವಿಜೇತರು ನೇರವಾಗಿ, ಉಳಿದ ನಾಲ್ಕು ಯುರೋಪಿನದೇ ಪ್ಲೇಆಫ್‌ನಿಂದ. ಗಟ್ಟೂಸೊ ದೂರಿದ ಆ ಪ್ಲೇಆಫ್‌ನಲ್ಲಿ ಇಟಲಿಯ ಎದುರಾಳಿ ಆಫ್ರಿಕಾದವರಲ್ಲ, ಏಷ್ಯಾದವರೂ ಅಲ್ಲ, ಯುರೋಪಿನ ನೆರೆಯವರೇ.

ನನ್ನ ಎಣಿಕೆಯಲ್ಲಿ ಯುರೋಪಿನ 16ರಿಂದ ಮೂರು, ಆಫ್ರಿಕಾ, ಏಷ್ಯಾ, ದಕ್ಷಿಣ ಅಮೆರಿಕಗಳಿಂದ ತಲಾ ಒಂದು ಸೀಟನ್ನು ತೆಗೆದು ಈಗಿನ ಎರಡಕ್ಕೆ ಸೇರಿಸಿದರೆ ಎಂಟಾಗುತ್ತದೆ. ಎಲ್ಲ ಖಂಡಗಳ 16 ಅಂಚಿನ ತಂಡಗಳು ಆ ಎಂಟಕ್ಕೆ ಖಂಡದ ಗಡಿ ದಾಟಿ ಆಡಲಿ. ಯುರೋಪಿನ 14ನೇ ತಂಡ ನಿಜವಾಗಿಯೂ ಬಲಿಷ್ಠವಾದರೆ ನೈಜೀರಿಯಾವನ್ನೋ ಇರಾಕನ್ನೋ ಸೋಲಿಸಿ ಬರುತ್ತದೆ, ಆಗ 16 ಅಲ್ಲ, 17 ತಂಡಗಳೂ ಬರಬಹುದು. ಸೋತರೆ ಅದಕ್ಕೂ ಉತ್ತರ ಸಿಗುತ್ತದೆ. ಹೀಗೆ ಎರಡು ಮೂರು ವಿಶ್ವಕಪ್‌ಗಳ ಪ್ಲೇಆಫ್ ಫಲಿತಾಂಶ ಕೈಯಲ್ಲಿದ್ದರೆ ಖಾಯಂ ಸೀಟುಗಳನ್ನು ಹೆಚ್ಚು ಕಡಿಮೆ ಮಾಡಲು ಅಂಚಿನ ತಂಡಗಳದ್ದೇ ಸಾಕ್ಷ್ಯ ಇರುತ್ತದೆ.

ಪ್ರಯಾಣ, ದಿನಾಂಕ, ಕ್ಲಬ್‌ಗಳ ಪ್ರತಿರೋಧ ಇವೆಲ್ಲ ನಿಜವಾದ ಅಡಚಣೆಗಳು. ಪಂದ್ಯ ಎಲ್ಲಿ ನಡೆಯುತ್ತದೆ ಎಂಬುದು ಅದಕ್ಕಿಂತ ಮುಖ್ಯ. 2025ರ ಅಕ್ಟೋಬರ್‌ನಲ್ಲಿ ಏಷ್ಯಾದ ನಾಲ್ಕನೇ ಸುತ್ತನ್ನು ಸ್ಪರ್ಧೆಯಲ್ಲಿದ್ದ ಕತಾರ್ ಮತ್ತು ಸೌದಿ ಅರೇಬಿಯಾದಲ್ಲೇ ನಡೆಸಲಾಯಿತು. ಮೂರು ತಂಡಗಳ ಗುಂಪಿನಲ್ಲಿ ಆತಿಥೇಯರಿಗೆ ಎರಡು ಪಂದ್ಯಗಳ ನಡುವೆ ಆರು ದಿನ ಸಿಕ್ಕರೆ, ಒಮಾನ್, ಯುಎಇ, ಇರಾಕ್, ಇಂಡೊನೇಷ್ಯಾಗಳಿಗೆ ಮೂರೇ ದಿನ. ಗೆದ್ದವರು ಕತಾರ್ ಮತ್ತು ಸೌದಿ. ಖಂಡಗಳ ನಡುವಿನ ಹಂಚಿಕೆ ಎಷ್ಟೇ ನ್ಯಾಯವಾಗಿದ್ದರೂ ಖಂಡದೊಳಗೆ ಹೀಗೆ ನಡೆದರೆ ಚಿಕ್ಕವರಿಗೆ ದಕ್ಕುವುದೇನೂ ಇಲ್ಲ. ಪ್ಲೇಆಫ್ ತಟಸ್ಥ ನೆಲದಲ್ಲಿ, ಸಮಾನ ವಿಶ್ರಾಂತಿಯೊಂದಿಗೆ ನಡೆಯಬೇಕೆಂಬುದು ನಿಯಮದಲ್ಲೇ ಬರೆದಿರಬೇಕು.

ಯುರೋಪ್ ಇದಕ್ಕೆ ಒಪ್ಪುವುದೇ? 37 ಸದಸ್ಯರ ಫಿಫಾ ಕೌನ್ಸಿಲ್‌ನಲ್ಲಿ ಒಂಬತ್ತು ಮಂದಿ ಯುರೋಪಿನವರು. ಉಳಿದ ಯಾವುದೇ ಒಂದು ಒಕ್ಕೂಟಕ್ಕಿಂತ ಹೆಚ್ಚು. ಖಚಿತವಾಗಿ ಕೈಯಲ್ಲಿರುವ ಸೀಟನ್ನು ಪಣಕ್ಕಿಡಲು ಯಾರಿಗೂ ಮನಸ್ಸಾಗದು. ಆಫ್ರಿಕಾ, ದಕ್ಷಿಣ ಅಮೆರಿಕಗಳೂ ಸುಲಭವಾಗಿ ಒಪ್ಪಲಿಕ್ಕಿಲ್ಲ. ಅದಕ್ಕೇ ಪೈಪೋಟಿಯ ಬದಲು ಹಿಗ್ಗಿಸುವ ಮಾತು ಮತ್ತೆ ಎದ್ದಿದೆ. 2025ರಲ್ಲಿ ದಕ್ಷಿಣ ಅಮೆರಿಕದ ಒಕ್ಕೂಟದ ಅಧ್ಯಕ್ಷ ಅಲೆಜಾಂಡ್ರೊ ಡೊಮಿಂಗೆಸ್, ಶತಮಾನೋತ್ಸವದ 2030ರ ವಿಶ್ವಕಪ್‌ನಲ್ಲಿ 64 ತಂಡಗಳಿರಲಿ ಎಂದರು. ಯುರೋಪಿನ ಒಕ್ಕೂಟದ ಅಧ್ಯಕ್ಷ ಅಲೆಕ್ಸಾಂಡರ್ ಚೆಫೆರಿನ್ ಅದು ಕೆಟ್ಟ ಆಲೋಚನೆ ಎಂದರು. 64 ಆದರೆ ದಕ್ಷಿಣ ಅಮೆರಿಕದ ಹತ್ತೂ ತಂಡಗಳು ಒಳಬರುವ ದಾರಿ ತೆರೆಯುತ್ತದೆ. ಅಲ್ಲಿಗೆ ಆ ಖಂಡದಲ್ಲಿ ಅರ್ಹತಾ ಸುತ್ತಿಗೆ ಅರ್ಥವೇ ಉಳಿಯುವುದಿಲ್ಲ. ಆಫ್ರಿಕಾದ 54ರಲ್ಲಿ ಆಗಲೂ ಬಹುಪಾಲು ಹೊರಗೇ ಇರುತ್ತವೆ.

ಯುರೋಪಿನ ತಂಡವೊಂದು ಕೊನೆಯ ಬಾರಿ ಬೇರೆ ಖಂಡದವರೊಡನೆ ವಿಶ್ವಕಪ್ ಸೀಟಿಗಾಗಿ ಆಡಿದ್ದು 2001ರ ನವೆಂಬರ್‌ನಲ್ಲಿ. ಐರ್ಲೆಂಡ್ ಡಬ್ಲಿನ್‌ನಲ್ಲಿ ಇರಾನ್ ವಿರುದ್ಧ 2–0 ಗೆದ್ದು, ಟೆಹರಾನ್‌ನಲ್ಲಿ 0–1 ಸೋತು, ಒಟ್ಟು ಲೆಕ್ಕದಲ್ಲಿ ಮುಂದೆ ಹೋಯಿತು. ಮರುವರ್ಷದ ವಿಶ್ವಕಪ್‌ನಲ್ಲಿ 16ರ ಘಟ್ಟ ತಲುಪಿ, ಸ್ಪೇನ್ ಎದುರು ಪೆನಾಲ್ಟಿಯಲ್ಲಿ ಮಾತ್ರ ಸೋತಿತು. ಆ ಐರ್ಲೆಂಡ್ ತಂಡಕ್ಕೆ ಸೀಟಿನ ಅರ್ಹತೆ ಇತ್ತೇ ಎಂದು ಅಂದು ಯಾರೂ ಕೇಳಲಿಲ್ಲ, ಇರಾನಿನವರೂ ಕೇಳಲಿಲ್ಲ.